ತಮ್ಮಯ್ಯನಿಗೆ ಇಲ್ಲದ ಅಕ್ಕ

ರವಿಕುಮಾರ ಮಾಡಿದ ತಪ್ಪು ಒಂದೇ. ಬಿಕ್ಕೋಡಿನಲ್ಲಿ ಬಸ್ಸಿಳಿಯುವಾಗ ಅವನ ಕಂಕುಳಲ್ಲಿ ದೊಡ್ಡ ಹಾಳೆಯ ಸುರುಳಿ, ಕೈಯಲ್ಲಿ ಸ್ಕೇಲು ಇದ್ದವು. ಯಾರದೋ ಜಮೀನು ಭಾಗವಾಗುತ್ತದೆ ಎಂದು ನೋಡಿದವರೆಲ್ಲ ತೀರ್ಮಾನಿಸಿಬಿಟ್ಟರು.

ಗಂಡಸಿ ಊರಿನ ಈ ರವಿಕುಮಾರ ಸಂಶೋಧನೆಯ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ. ಮೈಮೇಲೆ ಹಾಲುಕಾಫಿ ಬಣ್ಣದ ಮಚ್ಚೆಗಳು, ಕೆಲವರಿಗೆ ಮಿದುಳಲ್ಲಿ ಗಡ್ಡೆ, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ಇಷ್ಟೂ ಒಂದೇ ವಂಶವಾಹಿಯ ದೋಷದಿಂದ ಹೇಗೆ ಬರುತ್ತವೆಂದು ಅವನಿಗೆ ಕೆಲಸ ಕೊಟ್ಟ ಡಾಕ್ಟರ್ ಹಂಸಾ ಹುಡುಕುತ್ತಿದ್ದರು. ಬಿಕ್ಕೋಡಿನ ತಮ್ಮಯ್ಯನ ಮಗಳು ಮಂಜುಳಾಗೆ ಹೋದ ವರ್ಷ, ೧೯೯೮ರಲ್ಲಿ, ಗಡ್ಡೆಯ ಆಪರೇಷನ್ ಆಗಿತ್ತು. ಆ ಮನೆಯ ಮೂರು ತಲೆಮಾರಿನ ಪಟ್ಟಿ ಸಂಜೆಯೊಳಗೆ ತುಂಬದಿದ್ದರೆ ರವಿಕುಮಾರನ ಕೆಲಸ ಹೋಗುತ್ತಿತ್ತು.

“ನಿಮ್ಮ ಒಡಹುಟ್ಟಿದವ್ರು ಎಷ್ಟು ಜನ, ಯಜಮಾನ್ರೇ?”

“ನಾನೊಬ್ನೇಯ,” ಎಂದ ತಮ್ಮಯ್ಯ.

ಪಕ್ಕದ ಮನೆಯ ರಾಮಣ್ಣ ಬೇಲಿಯ ಮೇಲಿಂದ ಕತ್ತು ಚಾಚಿದ. “ಉಸಾರು ಕಣ್ಲಾ ತಮ್ಮಯ್ಯ. ಪಾಲು ಕೇಳೋರು ಮೊದ್ಲು ಹೆಸ್ರೇ ಬರ್ಕಳಾದು.”

ಅರ್ಧ ಗಂಟೆಯಲ್ಲಿ ಊರಿನ ದಾಯಾದಿಗಳು ಹನ್ನೊಂದು ಜನ ಅಂಗಳ ತುಂಬಿದರು. ನಾಲ್ವರು ತಾವೂ ತಮ್ಮಯ್ಯನ ಅಪ್ಪನ ಮಕ್ಕಳೇ ಎಂದು ಬರೆಸಿದರು. ಲೆಕ್ಕ ಹಾಕಿದರೆ ಅವರಲ್ಲೊಬ್ಬ ಅಪ್ಪನಿಗಿಂತ ಎರಡು ವರ್ಷ ದೊಡ್ಡವನಾಗಿದ್ದ.

“ಆಮೇಲೆ ಎಲ್ರೂ ರಕ್ತ ಕೊಡಬೇಕು,” ಎಂದ ರವಿಕುಮಾರ. “ಇರುವೆ ಕಚ್ಚಿದಂಗೆ, ಅಷ್ಟೆ.”

ಅಂಗಳ ಗುಡಿಸಿದಂತೆ ಖಾಲಿಯಾಯಿತು. ಮೂರು ಗಂಟೆಗೆ ಹಾಳೆಯ ತುಂಬ ರಬ್ಬರಿನಲ್ಲಿ ಉಜ್ಜಿದ ಗುರುತಷ್ಟೇ ಉಳಿದಿತ್ತು. ರವಿಕುಮಾರನಿಗೆ ಅಳು ಬಂತು.

ಆಗ ಮಂಜುಳಾ ಬಾಯಿಬಿಟ್ಟಳು. “ನಿಜ ಬರೆಸಪ್ಪ. ನಂಗ್ಯಾಕೆ ಬಂತು ಅಂತ ತಿಳೀಲಿ. ನನ್ನ ಮಗೀಗೆ ಬರೋದಾದ್ರೆ ಮೊದ್ಲೇ ಗೊತ್ತಾಗ್ಲಿ.”

ತಮ್ಮಯ್ಯ ಎದ್ದು ಜಗಲಿಗೆ ಹೋದ. ಅವನ ಹೆಂಡತಿ ಮುತ್ತಮ್ಮನೇ ಹೇಳಿದಳು: “ಇವ್ರಿಗೊಬ್ಳು ಅಕ್ಕ ಇದ್ಲು, ಬೋರಮ್ಮ ಅಂತ. ಪಾಲು ಕೇಳಿದ್ಲು ಅಂತ ಜಗಳ ಆಗಿ ಈ ಕಡೆ ತಲೆ ಹಾಕ್ಲಿಲ್ಲ. ಗಂಡಸಿ ಊರಿಗೆ ಕೊಟ್ಟಿದ್ದು. ಒಬ್ಳೇ ಮಗ್ಳು, ರಮಾ.”

ಪೆನ್ಸಿಲು ನಿಂತಿತು. ರವಿಕುಮಾರನ ತಾಯಿ ರಮಾ. ಅಜ್ಜಿ ಬೋರಮ್ಮ ಬದುಕಿದ್ದಷ್ಟು ದಿನ, ತವರಿನ ಮಾತೆತ್ತಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಅಂತೂ ಪಟ್ಟಿ ತುಂಬಿತಲ್ಲ ಎಂಬ ಸಂತೋಷದಲ್ಲಿ ಅವನು “ರಮಾನ ಮಗ” ಎಂದು ಗಟ್ಟಿಯಾಗಿ ಹೇಳುತ್ತ ಕೊನೆಯ ಚೌಕದೊಳಗೆ ತನ್ನ ಹೆಸರನ್ನೇ ಬರೆದ.

ಸಂಜೆ ಜೀಪಿನಲ್ಲಿ ಬಂದ ಹಂಸಾ ಹಾಳೆ ನೋಡಿ ಹಿಗ್ಗಿದರು. “ತುಂಬ ಚೆನ್ನಾಗಿದೆ, ರವಿಕುಮಾರ್. ಆದ್ರೆ ಮನೆಯವರೇ ಈ ಕೆಲಸ ಮಾಡೋ ಹಾಗಿಲ್ಲ. ನಾಳೆಯಿಂದ ಬೇರೆಯವ್ರು ಬರ್ತಾರೆ. ಈಗ ನೀವು ಅಂಗಿ ತೋಳು ಮಡಚಿ.”

ಸೂಜಿ ಕಂಡು ರವಿಕುಮಾರ ತೋಳು ಹಿಂದಕ್ಕೆ ಎಳೆದುಕೊಂಡ. ಮುತ್ತಮ್ಮ ಅವನ ಕೈ ಹಿಡಿದುಕೊಂಡಳು. “ಎದ್ರಬ್ಯಾಡ ಕಣಪ್ಪ. ಇರುವೆ ಕಚ್ಚಿದಂಗೆ, ಅಷ್ಟೆ.”

ಜಗಲಿಯಿಂದ ತಮ್ಮಯ್ಯ ಹೇಳಿದ: “ನೋಡು ಮೊಮ್ಮಗ್ನೆ, ರಕ್ತದಲ್ಲಿ ಎಷ್ಟು ಪಾಲಾದ್ರೂ ತಗೋ. ಗದ್ದೆ ಮಾತ್ರ ಕೇಳಬ್ಯಾಡ.”