ಎಮ್ಮಿ ಫೋಟೊ ಕಳಿಸೋ ಯಂತ್ರ

ಯಂತ್ರಕ್ಕ ಕೆಲಸ ಹಚ್ಚಿ ಮನುಷ್ಯಾರು ಆರಾಮ ಕುಂದರಬಹುದು ಅಂತ ಹೇಳೋರನ್ನ ಒಂದ್ಸಲ ನಮ್ಮ ಬೀದರ್ ಆಫೀಸಿಗೆ ಕರ್ಕೊಂಡು ಬರ್ರಿ. ಚಿದ್ರಿಯೊಳಗ ನನ್ನ ಮನಿ. ಮನಿ ಬಿಡೋದ್ರಾಗೇ ನನ್ನ ಫೋನು ಗುಂಯ್‌ಗುಡಲಾಕ ಸುರು ಮಾಡ್ತದ. ಚಹಾದ ಕಪ್ಪು ಹಿಡಕೊಂಡು ಕೂಡ್ತೇನಿ, ಏಳ್ತೇನಿ, ಮತ್ತ ಕೂಡ್ತೇನಿ. "ನಿಮಗೇನು ಇರುವಿ ಹತ್ಯಾವೇನ್ರಿ?" ಅಂತಾಳ ನನ್ನ ಹೆಂಡ್ತಿ.

ಬರಗಾಲದ ವರ್ಷ ಅವು. ಮಂದಿ ದುಡಿಲಾಕ ಹೈದರಾಬಾದಿಗೆ, ಪುಣೆಗೆ ಹೊಂಟ್ರು. ಖರೇ, ದನಾ ಎಲ್ಲಿ ಬಿಡೋದು? ಅದಕ್ಕ ನಮ್ಮ ಸಂಸ್ಥಾದವರು ಔರಾದ್ ಹತ್ರ ಒಂದು ಗೋಶಾಲಿ ಮಾಡಿದ್ರು. ಊರಾಗೇ ಉಳಿದು ಮೇವಿಲ್ಲದವರೂ ದನಾ ತಂದು ಅಲ್ಲೇ ಬಿಟ್ರು. ಹೋದವರಿಗೆ ಚಿಂತಿ ಆಗಬಾರ್ದಂತ ಒಂದು ಯಂತ್ರಾನೂ ಇಟ್ರು. ಫೋನಿನಿಂದ "ಎಮ್ಮಿ" ಅಂತ ಮೆಸೇಜ್ ಹಾಕಿದ್ರ ಸಾಕು, ಅದೇ ಮಾತಾಡಿ, ಅದೇ ಫೋಟೊ ಕಳಿಸ್ತದ. "ಇದಕ್ಕ ಮನುಷ್ಯಾರೇ ಬೇಕಾಗಿಲ್ಲ" ಅಂದ್ರು ನಮ್ಮ ಸಾಹೇಬ್ರು. ಆ ಬೇಕಾಗಿಲ್ಲದ ಮನುಷ್ಯಾ ನಾನೇ. ಯಂತ್ರ ಎಲ್ಲಿ ಎಡವ್ತದೋ ಅಲ್ಲಿ ನಾ ಫೋನ್ ಹಚ್ಚಬೇಕು.

ದಿನಾ ತಪ್ಪದಂಗ ಮೆಸೇಜ್ ಹಾಕೋರೊಳಗ ಭಾಲ್ಕಿ ಕಡಿ ಹೆಣ್ಮಗಳೊಬ್ಬಾಕಿ ಇದ್ಲು. ಗಂಡನ ಜೋಡಿ ಹೈದರಾಬಾದಿನಾಗ ಕಟ್ಟಡದ ಕೆಲಸ. ಆಕಿ ಎಮ್ಮಿ ಗಬ್ಬ ಇತ್ತು. ಹೋದ ಸಲ ಈದಾಗ ಕರ ಉಳಿದಿದ್ದಿಲ್ಲಂತ. ಈ ಸಲ ಏನಾಗ್ತದೋ ಅಂತ ಆಕಿ ಜೀವ ಎಲ್ಲಾ ಔರಾದಿನಾಗ. ಆಕಿ ಕಳವಳ ನೋಡಿ ನೋಡಿ ನನಗೂ ಹತ್ತಿತ್ತು.

ಡಬ್ಬಿಯೊಳಗಿನ ಎಮ್ಮಿ

ಒಂದಿನ ಜನವಾಡದ ಅಜ್ಜ ಒಬ್ಬಾಂವ ಆಫೀಸಿಗೆ ಬಂದ. ಕಣ್ಣು ಕೆಂಪಗ. ಹೆಗಲ ಮ್ಯಾಲಿನ ಟವಲ್ಲಿಂದ ಮೂಗು ಒರಸ್ಕೊಂಡು, "ಹ್ಯಾಂಗ ಆತ್ರಿ? ಕಡಿಗಾಲಕ್ಕ ನೀರರೇ ಕುಡಿದ್ಲೋ ಇಲ್ಲೋ?" ಅಂದ.

"ಯಾರ್ರಿ ಅಜ್ಜಾ?" ಅಂದೆ.

"ನಮ್ಮೆಮ್ಮಿ. ನೀವೇ ತಿಳಿಸೀರಲ್ಲ" ಅಂತ ಫೋನ್ ಮುಂದಿಟ್ಟ. ಬಟನ್ ಫೋನು ಅದು. ಅದರಾಗ ಫೋಟೊ ಎಲ್ಲಿ ಮೂಡಬೇಕು? ಒಂದು ಸಣ್ಣ ಚೌಕ ಡಬ್ಬಿ, ಅದರ ಮ್ಯಾಲೆ ಅಡ್ಡ ಎರಡು ಗೀಟು. ರೇಷನ್ ಅಂಗಡ್ಯಾಗ ಸತ್ತವರ ಹೆಸರಿನ ಮ್ಯಾಲೆ ಹಿಂಗೇ ಗೀಟು ಎಳೀತಾರ, ಅಜ್ಜ ಅದನ್ನ ಕಂಡವ. ಮನ್ಯಾಗ ಅಜ್ಜಿ ಅಡಗಿ ಮಾಡಿದ್ದಿಲ್ಲ. ಆಜುಬಾಜು ಮಂದಿ ಬಂದು ಸಮಾಧಾನ ಹೇಳಿ ಹೋಗಿದ್ರು.

ಎಷ್ಟು ಹೇಳಿದ್ರೂ ಅಜ್ಜ ಒಪ್ಪವಲ್ಲ. ಕಡಿಗಿ ಗೋಶಾಲಿಗೆ ಫೋನ್ ಹಚ್ಚಿ, ಎಮ್ಮಿ ಮೂತಿ ಹತ್ರ ಹಿಡೀರಿ ಅಂದೆ. ಆ ಕಡಿಂದ "ಆಂಯ್" ಅಂತ ದೊಡ್ಡ ದನಿ ಬಂತು. ಅಜ್ಜ ಕಿವಿಗೊಟ್ಟು ಕೇಳಿದ, ಮತ್ತೊಮ್ಮಿ ಕೇಳಿದ.

"ನಮ್ದೇ ಅದ್ರಿ" ಅಂದ. "ಖರೇ ಸಿಟ್ಟಿನ್ಯಾಗ ಅದಾಳ. ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ."

ಧನ್ಯವಾದದ ಜಿದ್ದು

ಭಾಲ್ಕಿಯೊಳಗ ನಿವೃತ್ತ ಮಾಸ್ತರೊಬ್ಬರು. ಅವರದೂ ಒಂದು ಆಕಳ ಗೋಶಾಲ್ಯಾಗಿತ್ತು. ಯಂತ್ರ ಅವರಿಗೆ ಫೋಟೊ ಕಳಿಸಿ "ಧನ್ಯವಾದಗಳು" ಅಂತು. ಮಾಸ್ತರು "ನಿಮಗೂ ಧನ್ಯವಾದ" ಅಂದ್ರು. ಯಾರೇನು ಕಳಿಸಿದ್ರೂ ಉತ್ತರ ಕೊಡೋದೇ ಅದರ ಕಸುಬು. ಅದು ಮತ್ತ "ಧನ್ಯವಾದಗಳು" ಅಂತು. ನಮ್ಮ ಕಡಿ ಬೀಗರನ್ನ ಬಸ್ಸಿಗೆ ಹತ್ತಿಸೋದು ನೋಡೀರಲ್ಲ? ಬರ್ತೇವ್ರಿ ಅಂತ ಇವರು, ಹೂಂ ಬರ್ರಿ ಅಂತ ಅವರು, ಬಸ್ಸು ಹೋದ್ರೂ ಮುಗಿಯೋದಿಲ್ಲ. ಹಂಗ ನಡೀತು. ಸಂಜಿ ಮುಂದ ಮಾಸ್ತರ ಫೋನು ಬಂತು. ದನಿ ಬಿದ್ದು ಹೋಗಿತ್ತು.

"ಏನ್ರಿ, ಮುಂಜಾನಿಂದ ಊಟಕ್ಕ ಏಳಲಾಕ ಬಿಟ್ಟಿಲ್ಲ ನಿಮ್ಮದು!"

"ಸರ, ನೀವೇ ಸುಮ್ಮ ಬಿಟ್ಟುಬಿಡ್ರಿ" ಅಂದೆ.

"ನಾ ಹ್ಯಾಂಗ ಬಿಡ್ಲಿ? ಮಕ್ಕಳಿಗಿ ಶಿಸ್ತು ಕಲಿಸ್ದವ ನಾ. ವಯಸ್ಸಿನ್ಯಾಗ ಅದು ಸಣ್ಣದು. ಮೊದ್ಲು ಅದಕ್ಕ ಸುಮ್ಮಾಗಲಾಕ ಹೇಳ್ರಿ!"

ಎಲ್ಲಾರೂ ಖುಷ್

ಆಮ್ಯಾಲೆ ಒಂದು ಹೊಸ ಸುಖ ಬಂತು. ಮಂದಿ ಹೊಗಳಲಾಕ ಹತ್ತಿದ್ರು. "ಎಮ್ಮಿ ಏನು ಮೈ ತುಂಬ್ಯದ್ರಿ!" "ಏನು ಹಾಕ್ಲತ್ತೀರಿ ಅದಕ್ಕ?" ಸಾಹೇಬ್ರು ಎದಿ ಉಬ್ಬಿಸಿ ಬಂದವರಿಗೆಲ್ಲ ಇದನ್ನ ಓದಿ ತೋರಿಸ್ತಿದ್ರು. ನನಗೆ ಮಾತ್ರ ಯಾಕೋ ಸಮಾಧಾನಿಲ್ಲ. ನಮ್ಮ ಮಂದಿ ಇಷ್ಟು ಹೊಗಳಿದ್ರ ಎಲ್ಲೋ ಏನೋ ಕೆಟ್ಟದ ಅಂತ ತಿಳೀಬೇಕು.

ಭಾಲ್ಕಿ ಹೆಣ್ಮಗಳು ಮಾತ್ರ "ಇದು ನಮ್ಮ ಎಮ್ಮಿ ಅಲ್ಲ" ಅಂತ ಹಾಕಿದ್ಲು. ಯಂತ್ರ "ಚಿತ್ರ ಸರಿಯಾಗಿದೆಯೇ? ಹೌದು, ಇಲ್ಲ" ಅಂತ ಕೇಳ್ತು. ಆಕಿ "ಇಲ್ಲ" ಒತ್ತಿದ್ಲು. ಯಂತ್ರ "ಕ್ಷಮಿಸಿ" ಅಂತು, ಅದೇ ಫೋಟೊ ಇನ್ನಷ್ಟು ದೊಡ್ಡದು ಮಾಡಿ ಕಳಿಸ್ತು.

ಆಕಿ ನನಗೇ ಫೋನ್ ಹಚ್ಚಿದ್ಲು. "ಅಣ್ಣಾ, ನಮ್ಮ ಎಮ್ಮಿದು ಎಡಗೋಡು ಮುರದದ. ಫೋಟೊದಾಗ ಎರಡೂ ಕೋಡು ಅವ. ಮುರದ ಕೋಡು ಬೆಳೀತಾವೇನ್ರಿ?"

ಸಾಹೇಬ್ರನ್ನ ಕೇಳಿದೆ. ಅವರು ಜರಾ ವಿಚಾರ ಮಾಡಿ, "ಮೇವು ಛಲೋ ಬಿದ್ರ ಬೆಳೀಬಹುದು" ಅಂದ್ರು.

ಗಬ್ಬದ ಎಮ್ಮಿ

ನಾ ಕುಂತು ಯಂತ್ರ ಕಳಿಸಿದ ಫೋಟೊ ಎಲ್ಲಾ ತೆಗೆದು ನೋಡಿದೆ. ಯಪ್ಪಾ! ಎಲ್ಲಾರಿಗೂ ಹೋಗಿದ್ದು ಒಂದೇ ಎಮ್ಮಿ. ಗೋಶಾಲ್ಯಾಗ ಎತ್ತು ಬಿಟ್ಟಿದ್ದ ಬಗದಲ್ ಊರಿನ ಒಬ್ಬನಿಗೂ ಅದೇ ಎಮ್ಮಿ ಹೋಗಿತ್ತು. ಅಂವ "ನಮ್ಮ ರಾಜಾ ಛಲೋ ಆಗ್ಯಾನ" ಅಂತ ಉತ್ತರಾನೂ ಹಾಕಿದ್ದ.

ಯಂತ್ರಕ್ಕ ಫೋಟೊ ತೆಗೆದು ಕೊಡೋದು ಗೋಶಾಲಿ ನೋಡ್ಕೊಳ್ಳೋ ಚಾಚಾನ ಕೆಲಸ. ಫೋನ್ ಹಚ್ಚಿದೆ. "ಸಬ್ ಠೀಕ್ ಹೈ ಸಾಬ್" ಅಂದ, ಕಟ್ ಮಾಡಿದ. ಮತ್ತ ಹಚ್ಚಿದೆ, ಎತ್ತಲಿಲ್ಲ. ಮಾರನೇ ದಿನ ಹೆಣ್ಮಗಳು ಕೈಚೀಲ ಹಿಡಕೊಂಡು ಆಫೀಸಿನ ಬಾಗಿಲದಾಗ ನಿಂತಿದ್ಲು. ಕೆಲಸ ಬಿಟ್ಟು ಬಂದುಬಿಟ್ಟಾಳ.

"ಸತ್ತದೇನ್ರಿ? ಖರೇ ಹೇಳ್ರಿ. ತಡಕೋತೇನಿ" ಅಂದ್ಲು. ತಡಕೊಳ್ಳೋ ಹಂಗ ಕಾಣ್ಲಿಲ್ಲ.

ಇಬ್ಬರೂ ಔರಾದ್ ಬಸ್ ಹತ್ತಿದ್ವಿ. ಸೀಟು ಖಾಲಿ ಇದ್ರೂ ಆಕಿ ನಿಂತಳು. "ನಿಂತ್ರ ಬಸ್ಸು ಜಲ್ದಿ ಹೋಗ್ತದೇನವ್ವಾ?" ಅಂದೆ. "ಕುಂತ್ರೂ ಹೋಗವಲ್ದಲ್ರಿ" ಅಂದ್ಲು. ನನಗೂ ಕುಂದ್ರಲಾಕ ಮನಸ್ಸಾಗಲಿಲ್ಲ. ಇಬ್ಬರೂ ನಿಂತೇ ಹೋದ್ವಿ.

ಗೋಶಾಲ್ಯಾಗ ಚಾಚಾನ ಕೋಣಿಗೆ ಹೊಕ್ರ ಗ್ವಾಡಿ ಮ್ಯಾಲೆ ದನದ ಹಿಂಡಿ ಅಂಗಡಿಯ ಕ್ಯಾಲೆಂಡರ್. ಅದರ ಮ್ಯಾಲೆ ಆ ಫೋಟೊದಾಗಿನ ಎಮ್ಮಿ! ಎರಡೂ ಕೋಡು, ಮೈ ಮಿರಿಮಿರಿ. ಮಂದಿ ಹೊಗಳಿದ್ದು ಇದನ್ನ!

ನನ್ನ ಪಿತ್ತ ನೆತ್ತಿಗೇರಿತು. "ಏನಿದು ಚಾಚಾ? ಈಕಿ ಎಮ್ಮಿ ಎಲ್ಲಿ?" ಅಂತ ಒದರಿದೆ.

ಚಾಚಾ ಬಾಯಿ ಮ್ಯಾಲೆ ಬೆಟ್ಟಿಟ್ಟ. "ಹಳೂಕ ಸಾಬ್! ಮಲಗ್ಯಾದ" ಅಂತ ಹಿಂದಿನ ತಡಿಕಿ ಸರಿಸಿದ. ಒಳಗ ಮುರದ ಕೋಡಿನ ಎಮ್ಮಿ ಮೆಲುಕು ಹಾಕ್ಲತ್ತಿತ್ತು. ಪಕ್ಕದಾಗ ಮುಂಜಾನಿ ಹುಟ್ಟಿದ ಕರ, ಗೋಣಿಚೀಲದ ಮ್ಯಾಲೆ ಮೈಮುದುಡಿ ಮಲಗಿತ್ತು. ಉಸಿರಾಡ್ಲತ್ತಿತ್ತು. ಹೆಣ್ಮಗಳು ಅಲ್ಲೇ ಕುಸಿದು ಕುಂತು ಬಿಕ್ಕಿಬಿಕ್ಕಿ ಅತ್ಲು. ನನ್ನ ಕಣ್ಣಾಗೂ ನೀರು ಬಂತು, ಸುಳ್ಳ್ಯಾಕ ಹೇಳ್ಲಿ.

"ಗಬ್ಬದ ಜೀವದ ಫೋಟೊ ಊರೂರಿಗಿ ಹಂಚಿದ್ರ ಮಂದಿ ಕಣ್ಣು ಬಿದ್ದು ನಜರ್ ತಾಕೋದಿಲ್ಲೇನ್ರಿ?" ಅಂದ ಚಾಚಾ. "ಅದಕ್ಕ ಆ ಕ್ಯಾಲೆಂಡರ್ದು ಕಳಿಸ್ದೆ. ಒಬ್ಬರಿಗಿ ಒಂದು, ಒಬ್ಬರಿಗಿ ಒಂದು ಮಾಡಿದ್ರ ಚಂದಲ್ಲಂತ ಎಲ್ಲಾರಿಗೂ ಅದೇ ಕಳಿಸ್ದೆ."

ಅಷ್ಟರಾಗ ಹೆಣ್ಮಗಳ ಫೋನು ಬಡಕೊಂತು. ಹೈದರಾಬಾದಿನಿಂದ ಗಂಡ. "ಈದದ್ರಿ, ಕರ ಆರಾಮದ" ಅಂದ್ಲು ಈಕಿ. ಅಂವ ಅಲ್ಲಿಂದ "ಫೋಟೊ ಕಳಿಸು, ಜೋಡಿದವರಿಗೆಲ್ಲ ತೋರಿಸ್ತೇನಿ" ಅಂತ ಗದ್ದಲ ಹಾಕ್ಲತ್ತಿದ. ನಾ ಖುಷಿಲೆ ನನ್ನ ಫೋನ್ ತೆಗೆದು ಕರದ ಕಡಿ ಹಿಡಿದೆ.

ಆಕಿ ಜಿಗಿದು ಬಂದು ಸೆರಗು ಬಿಚ್ಚಿ ಕರದ ಮ್ಯಾಲೆ ಹೊಚ್ಚಿದ್ಲು.

"ಹುಚ್ಚ ಹಿಡಿದದೇನಣ್ಣಾ ನಿಮಗ? ನಜರ್ ತಾಕ್ತದ!" ಅಂದ್ಲು. ಆಮ್ಯಾಲೆ ಚಾಚಾನ ಕಡಿ ತಿರುಗಿ, "ಚಾಚಾ, ನಮ್ಮ ಮನ್ಯಾವ್ರಿಗೆ ಆ ಕ್ಯಾಲೆಂಡರ್ದೇ ಕಳಿಸ್ರಿ."