ಪಾಚಿ ನೀರಿನ ಸಂಬಂಧ

ಮೀನಿನ ತೊಟ್ಟಿ ಅಂದವಾಗಿ ಕಾಣಲೆಂದು ತುರ್ಗುನ್ ಅದನ್ನು ಕಿಟಕಿಯ ಬಿಸಿಲಿಗೆ ಸರಿಸಿದ್ದೇ ಎಡವಟ್ಟಾಯಿತು. ತಾಷ್ಕೆಂಟಿನ ಬೇಸಿಗೆ ಸುಮ್ಮನಿರುತ್ತದೆಯೇ? ವಾರದೊಳಗೆ ನೀರು ಸೊಪ್ಪಿನ ಸಾರಾಯಿತು. ಒಳಗೆ ಗಿಡವೂ ಕಾಣದು, ಮೀನೂ ಕಾಣದು. ಆಗಾಗ ಒಂದು ಬಾಲ ಮಾತ್ರ ಗಾಜಿನ ಹತ್ತಿರ ಬಂದು ಹೋಗುತ್ತಿತ್ತು.

ಆ ಸಂಜೆಯೇ, ಅವನಿಗೆ ನೋಡಿದ್ದ ಹುಡುಗಿ ನಫೋಸತಳ ಅಪ್ಪ ಮನೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ರೊಟ್ಟಿ ಮುರಿದು ಸಂಬಂಧ ಗಟ್ಟಿ. ಅವರಿಗೋ ಮೀನು ಸಾಕುವ ಹುಚ್ಚು, ಮೊದಲು ತೊಟ್ಟಿಯನ್ನೇ ನೋಡುತ್ತಾರೆಂದು ಸಂಬಂಧ ತಂದ ಹೆಂಗಸು ಹೇಳಿದ್ದಳು. ಹುಡುಗಿಯನ್ನು ತುರ್ಗುನ್ ನೋಡಿದ್ದು ಒಂದೇ ಸಲ. ಆ ನಗು ನೆನೆದರೆ ಅವನ ಎದೆ ಇನ್ನೂ ಡವಡವ ಎನ್ನುತ್ತಿತ್ತು.

‘ಅಯ್ಯಯ್ಯೋ, ಇದೇನೋ ಇದು ಗಲೀಜು!’ ಪಕ್ಕದ ಮನೆಯ ಸಾಲಿಹಾ ಖಾಲಾ ಒಳಗೇ ಬಂದುಬಿಟ್ಟಳು.

‘ಒಂದಿಷ್ಟು ನೀರು ಬದಲಾಯಿಸಿ, ಬಟ್ಟೆ ಮುಚ್ಚಿ ನಾಕು ದಿನ ಕತ್ತಲಲ್ಲಿಟ್ರೆ ಸರಿಹೋಗುತ್ತೆ ಖಾಲಾ.’

‘ನಾಕು ದಿನ ಬೀಗರು ಬಾಗಿಲಲ್ಲೇ ನಿಂತಿರ್ತಾರಾ? ತಾಳು, ಹಶರ್ ಕರೀತೀನಿ.’

ಒಬ್ಬರ ಕೆಲಸಕ್ಕೆ ಬೀದಿಗೆ ಬೀದಿಯೇ ಕೈಹಾಕುವುದು ಹಶರ್. ಕರೆದರೆ ಬರದವರಿಲ್ಲ, ಬಂದವರನ್ನು ತಡೆಯುವ ಗಂಡಸು ಇನ್ನೂ ಹುಟ್ಟಿಲ್ಲ. ಬೀದಿಯ ಹಿರಿಯ ಎರ್ಗಶ್ ಅಜ್ಜ ಅಂಗಳದ ಮಂಚವೇರಿ ಅಪ್ಪಣೆ ಕೊಡತೊಡಗಿದ. ಯಾರೋ ತೊಟ್ಟಿಯ ಗಿಡಗಳನ್ನೆಲ್ಲ ಕಿತ್ತು, ‘ಇಷ್ಟೊಂದು ಕಳೆ ಬೆಳೆಸಿದೀಯಲ್ಲೋ ಸೋಮಾರಿ!’ ಎಂದು ಕುರಿಗೆ ಹಾಕಿದರು. ತೊಟ್ಟಿ ತೊಳೆಯುವವರೆಗೆ ಮೀನುಗಳು ನೀರು ತುಂಬಿದ ಪಲಾವಿನ ಕಡಾಯಿ ಸೇರಿದವು.

‘ಅದಕ್ಕೆ ಬೆಂಕಿ ಹಚ್ಬೇಡ್ರಪ್ಪೋ!’ ತುರ್ಗುನ್ ಕಡಾಯಿಗೆ ಅಡ್ಡ ನಿಂತ.

ಯಾವುದನ್ನೂ ಹಾಳುಮಾಡದ ಸಾಲಿಹಾ, ಟೊಮೆಟೊ ಗಿಡಕ್ಕಾಯಿತೆಂದು ಪಾಚಿ ನೀರನ್ನೆಲ್ಲ ಮಗ ಇಲ್ಹಾಮನ ಕೈಲಿ ತನ್ನ ಮನೆಯ ಡ್ರಮ್ಮಿಗೆ ಹೊರಿಸಿದಳು.

ಸಂಜೆಗೆ ಮೀನುಗಳು ಮತ್ತೆ ತೊಟ್ಟಿ ಸೇರಿದ್ದವು, ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಹುಡುಗಿಯ ಅಪ್ಪ ಮಿರ್ಹಾಮಿದ್ ಬಂದರು, ಕೈಯಲ್ಲೊಂದು ಖಾಲಿ ಕ್ಯಾನು. ತೊಟ್ಟಿ ನೋಡಿದರು. ಮುಖ ಸಪ್ಪಗಾಯಿತು.

‘ಎಲ್ಲಪ್ಪಾ ಹಸಿರು ನೀರು?’

‘ತೆಗೆದು... ಶುದ್ಧ ಮಾಡಿದ್ವಿ.’

‘ಶುದ್ಧ ಮಾಡಿದ್ಯಾ! ನನ್ನ ಮೀನುಮರಿಗಳು ಉಪವಾಸ ಬಿದ್ದಿವೆ ಕಣಯ್ಯ. ಅವು ತಿನ್ನೋ ನೀರುಹುಳ ಬದುಕೋದೇ ಪಾಚಿ ನೀರಿಂದ. ಈ ಮನೇಲಿ ಗಟ್ಟಿ ಪಾಚಿ ಇದೆ ಅಂತ ಸಂಬಂಧ ತಂದವಳಿಂದ ಕೇಳಿ, ಎಂಥಾ ಅಳಿಯ ಸಿಕ್ಕಿದ ಅಂತ ಕುಣಿದಾಡ್ಕೊಂಡು ಬಂದೆ!’

ಸುಳ್ಳು ಹೇಳಿ ಅಭ್ಯಾಸವಿಲ್ಲದ ತುರ್ಗುನ್, ನೀರು ಪಕ್ಕದ ಮನೆಯ ಡ್ರಮ್ಮಿನಲ್ಲಿದೆ ಎಂದ. ಮಿರ್ಹಾಮಿದ್ ಕ್ಯಾನು ಹಿಡಿದು ಎದ್ದೇಬಿಟ್ಟರು.

ಹೋದವರು ಬರಲಿಲ್ಲ. ಸಾಲಿಹಾ ಬಿಡುತ್ತಾಳೆಯೇ? ಚಹಾ ಕೊಟ್ಟಳು, ಪಲಾವು ಬಡಿಸಿದಳು, ಕ್ಯಾನು ತುಂಬಿಕೊಟ್ಟ ಮಗನನ್ನು ಎದುರಿಗೇ ಕೂರಿಸಿದಳು. ತುರ್ಗುನ್ ಬಾಗಿಲಲ್ಲಿ ನಿಂತು ಕಾದ. ಅವನಿಗೆ ಅಳುವೇ ಬಂದಿತ್ತು.

ಕತ್ತಲಾಗುವ ಹೊತ್ತಿಗೆ ಸಾಲಿಹಾ ಬಂದು ಮುರಿದ ರೊಟ್ಟಿಯ ಒಂದು ಚೂರನ್ನು ಅವನ ಕೈಗಿಟ್ಟಳು.

‘ತಿನ್ನು ಮಗಾ, ಬಾಯಿ ಸಿಹಿ ಮಾಡ್ಕೋ. ನಮ್ಮ ಇಲ್ಹಾಮಂಗೆ ಆ ಸಂಬಂಧ ಗಟ್ಟಿಯಾಯ್ತು. ಆದ್ರೆ ಬೀಗರಿಗೆ ವಾರವಾರಾನೂ ಆ ನೀರು ಬೇಕಂತೆ. ನೀರನ್ನ ಹಾಗೆ ಕೆಡಿಸೋದು ಹೆಂಗೆ ಅಂತ ನಾಳೆ ಬಂದು ನಮ್ಮ ಹುಡುಗನಿಗೊಂಚೂರು ಹೇಳ್ಕೊಡು.’