ಬಟಾಣಿ ಹಲಗೆಯ ಕೊಂಡಿಯನ್ನು ಉಳಿಸಿಕೊಡುವ ಬಗ್ಗೆ

ಇಂದ,
ಸಿರಿಲ್ ಪೆಂಟ್ಲೋ,
ನಿವೃತ್ತ ಕರಡು ತಿದ್ದುಗ,
೪, ಚರ್ಚ್ ಬೀದಿ, ಆಲ್ಡರ್ವಿಕ್, ಇಂಗ್ಲೆಂಡ್.

ಗೆ,
ಮಾನ್ಯ ಅಧ್ಯಕ್ಷರು,
ನಾಮಫಲಕ ಮತ್ತು ಬೀದಿ ಅಂದಚಂದ ಉಪಸಮಿತಿ,
ಪಟ್ಟಣ ಪರಿಷತ್ತು, ಆಲ್ಡರ್ವಿಕ್.

ವಿಷಯ: ನನ್ನದೇ ದೂರನ್ನು ದೋಷಪೂರಿತವೆಂದು ಸಾರಿ, ಶ್ರೀಮತಿ ಡೋರಿನ್ ಪಾಸ್ಮೋರ್ ಅವರ ತರಕಾರಿ ಅಂಗಡಿಯ ಹದಿನಾಲ್ಕು ಹಲಗೆಗಳನ್ನು ಇದ್ದಂತೆಯೇ ಬಿಡುವ ಕುರಿತು.

ಉಲ್ಲೇಖ:
೧) ಕಳೆದ ಒಂಬತ್ತು ವರ್ಷಗಳಲ್ಲಿ ನಾನು ತಮಗೆ ಬರೆದ ನಲವತ್ತಮೂರು ದೂರುಗಳು.
೨) ಅವುಗಳ ಕಾಟ ತಾಳಲಾರದೆ ತಾವು ಜೂನ್ ೨ರಂದು ಹೊರಡಿಸಿದ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ಸದರಿ ಅಂಗಡಿಯ ಹಲಗೆಗಳ ಮೇಲೆ ಬರೆದ ಪ್ರತಿ ತರಕಾರಿಯ ಹೆಸರಿನಲ್ಲೂ, ಕೊನೆಯ ಅಕ್ಷರಕ್ಕೆ ಮೊದಲು, ಅಪಾಸ್ಟ್ರಫಿ ಎಂಬ ತಲೆಮೇಲಿನ ಕೊಂಡಿಯೊಂದನ್ನು ಅನಗತ್ಯವಾಗಿ ಏರಿಸಲಾಗಿದೆ. ಇಂಗ್ಲಿಷಿನಲ್ಲಿ ಹಲವು ಆಲೂಗಡ್ಡೆ ಎನ್ನಲು ಕೊನೆಗೊಂದು ‘ಎಸ್’ ಸಾಕು, ಈ ಕೊಂಡಿ ಬೇಡ. ಹಾಕಿದರೆ ಆಲೂಗಡ್ಡೆಯು ಯಾವುದೋ ಆಸ್ತಿಯ ಮಾಲೀಕನಾಗಿಬಿಡುತ್ತದೆ. ನಲವತ್ತು ವರ್ಷ ಪತ್ರಿಕೆಯ ಕರಡು ತಿದ್ದಿದ ನನಗೆ ಇದನ್ನು ನೋಡಿಕೊಂಡು ಆಲೂಗಡ್ಡೆ ಕೊಳ್ಳುವುದೆಂದರೆ ಎಂಥ ಹಿಂಸೆ! ಆದ್ದರಿಂದ ತಮಗೆ ಬರೆದೆ. ತಾವು ಉತ್ತರಿಸಲಿಲ್ಲ, ಕಾರಣ ಮತ್ತೆ ಬರೆದೆ.

೨. ಒಂಬತ್ತು ವರ್ಷ ಗಡದ್ದಾಗಿ ನಿದ್ದೆ ಹೊಡೆದ ತಮ್ಮ ಉಪಸಮಿತಿಯು ಈಗ ಧಡಕ್ಕನೆ ಎದ್ದು ಕೂತಿದೆ. ಬರುವ ಶುಕ್ರವಾರ ಹದಿನಾಲ್ಕೂ ಹಲಗೆಗಳನ್ನು ಕಿತ್ತೊಯ್ದು, ಅಚ್ಚುಹಾಕಿದ ಪ್ಲಾಸ್ಟಿಕ್ ಫಲಕ ತೂಗುಹಾಕುವುದಾಗಿ ಆದೇಶವಾಗಿದೆ.

೩. ನೋಟಿಸಿನ ಸುದ್ದಿ ಕೇಳಿ, ಗೆದ್ದವನ ಗತ್ತಿನಲ್ಲಿ ನಾನು ಅಂಗಡಿಗೆ ಹೋದೆ. ಶ್ರೀಮತಿ ಪಾಸ್ಮೋರ್ ಅವರು ಹಲಗೆಗಳನ್ನೆಲ್ಲ ಇಳಿಸಿಕೊಂಡು, ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದರು.

“ಬನ್ನಿ ಮಿಸ್ಟರ್ ಪೆಂಟ್ಲೋ. ಅಂತೂ ನಿಮ್ಮ ಹೊಟ್ಟೆ ತಣ್ಣಗಾಯ್ತಲ್ಲ?” ಎಂದರು.

“ಇದರಲ್ಲಿ ನನ್ನ ಸ್ವಂತದ್ದೇನೂ ಇಲ್ಲ ಮೇಡಂ. ತಪ್ಪು ಅಂದ್ರೆ ತಪ್ಪು.”

“ಸರಿ ಬಿಡಿ. ಬಟಾಣಿ ಹಲಗೆಯಲ್ಲಿದ್ದ ಕೊಂಡೀನ ಹೋದ ಜುಲೈನಲ್ಲಿ ಉಗುರಲ್ಲಿ ಕೆರೆದು ತೆಗೆದ್ರಲ್ಲ, ಅದೂ ಸ್ವಂತದ್ದಲ್ವಾ?”

ಮಾನ್ಯರೇ, ಇದು ನಿಜ. ಅವರು ಆ ಕಡೆ ತಿರುಗಿ ಈರುಳ್ಳಿ ತೂಗುತ್ತಿದ್ದಾಗ ನಾನು ಆ ಕೆಲಸ ಮಾಡಿದ್ದೆ. ಯಾರೂ ನೋಡಿಲ್ಲವೆಂದು ಹನ್ನೊಂದು ತಿಂಗಳು ಒಳಗೊಳಗೇ ಹಿಗ್ಗಿದ್ದೆ.

“ಗೊತ್ತಿದ್ದೂ ನೀವು ಒಂದು ಮಾತೂ ಅನ್ನಲಿಲ್ವಲ್ಲ?” ಎಂದೆ.

“ಅಯ್ಯೋ, ಮುಖದ ಮೇಲೆ ಹಾಗೆಲ್ಲ ಅನ್ನೋಕಾಗುತ್ತೇನ್ರೀ? ಅವತ್ತಿಂದ ಪ್ರತಿ ಶನಿವಾರ ನಿಮ್ಮ ಚೀಲಕ್ಕೆ ಒಂದು ಕೊಳೆತ ಟೊಮೇಟೊ ಹಾಕ್ತಾ ಬಂದಿದೀನಲ್ಲ, ಮತ್ತೆ ಅದೇನು?”

ಟೊಮೇಟೊ ವಿಷಯ ನನ್ನ ಗಮನಕ್ಕೂ ಬಂದಿತ್ತು. ಆದರೆ ಮುಖದ ಮೇಲೆ ಹೇಗೆ ಕೇಳುವುದೆಂದು ನಾನೂ ಸುಮ್ಮನಿದ್ದೆ. ‘ಥ್ಯಾಂಕ್ಯೂ, ಬಹಳ ಚೆನ್ನಾಗಿದ್ದವು’ ಎಂದು ಪ್ರತಿ ವಾರವೂ ಹೇಳಿದ್ದೆ. ನಮ್ಮ ಊರಿನಲ್ಲಿ ಜಗಳಗಳು ನಡೆಯುವುದು ಹೀಗೆಯೇ ಎಂಬುದು ತಮಗೂ ತಿಳಿದ ವಿಚಾರ.

೪. ಆಮೇಲೆ ಅವರು ಹೇಳಿದ್ದನ್ನು ಇದ್ದದ್ದು ಇದ್ದಂತೆಯೇ ನಮೂದಿಸುತ್ತೇನೆ. ಹಲಗೆಗಳನ್ನೆಲ್ಲ ಬರೆದದ್ದು ಅವರ ಪತಿ, ಮೂರು ವರ್ಷದ ಹಿಂದೆ ತೀರಿಕೊಂಡ ವಿಲ್ಫ್.

“ಅಕ್ಷರ ಎಲ್ಲ ಬರೆದು, ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡೋರು. ಕೊನೇಲಿ ಬಂದು ಆ ಕೊಂಡಿ ಹಾಕೋರು. ಅದು ಅವರ ಲೆಕ್ಕದಲ್ಲಿ ಎಲೆ ಕಣ್ರೀ. ‘ಎಲೆ ಇಲ್ದೆ ಇದ್ರೆ ತರಕಾರಿ ಬಾಡಿದ ಹಾಗೆ ಕಾಣುತ್ತೆ ಕಣೇ ಡೋರಿನ್’ ಅನ್ನೋರು. ಬಟಾಣೀದು ಕೊನೇ ಹಲಗೆ. ಆಸ್ಪತ್ರೆಯಿಂದ ಬಂದಿದ್ರು, ಕೈ ನಡುಗ್ತಿತ್ತು. ಬರೋ ಬೇಸಿಗೆಗೆ ಬೇಕಲ್ಲ ಅಂತ ಹಟ ಹಿಡಿದ್ರು. ಅದಕ್ಕೇ ಅಕ್ಷರ ನಾನು ಬರೆದೆ. ಎಲೆ ಮಾತ್ರ ಅವರೇ ಹಾಕಿದ್ರು.”

ಅಂದರೆ ಆ ಹಲಗೆಯಲ್ಲಿ ಆ ಮನುಷ್ಯನ ಕೈಯದೆಂದು ಇದ್ದದ್ದು ಅದೊಂದೇ. ನಾನು ಕೆರೆದದ್ದೂ ಅದನ್ನೇ. ಮಾನ್ಯರೇ, ನನಗೆ ನಾಚಿಕೆಯಾಯಿತು. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದ ಕಾರಣ ಹೀಗೆಯೇ ಬರೆದಿದ್ದೇನೆ.

೫. ಮರುದಿನವೇ ತಮ್ಮ ಕಚೇರಿಗೆ ಫೋನ್ ಮಾಡಿ, ದೂರು ಹಿಂಪಡೆಯುತ್ತೇನೆಂದು ಗುಮಾಸ್ತೆ ಮಿಸ್ ಹೆಬ್ಡಿಚ್ ಅವರನ್ನು ಕೇಳಿಕೊಂಡೆ. “ನೋಟಿಸ್ ಹೊರಟ ಮೇಲೆ ವಾಪಸ್ ಇಲ್ಲ ಸರ್,” ಎಂದರು. “ದೂರಿನ ಪತ್ರದಲ್ಲೇ ಲೇಖನಚಿಹ್ನೆಯ ತಪ್ಪಿದ್ರೆ ಮಾತ್ರ ರದ್ದಾಗುತ್ತೆ. ಆ ನಿಯಮ ಮಾಡಿಸಿದ್ದೇ ನೀವಲ್ವಾ ಸರ್? ನಿಮ್ಮ ಪತ್ರದಲ್ಲಿ ತಪ್ಪಿರುತ್ತಾ?” ಎಂದು ನಕ್ಕರು. ನಕ್ಕದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

೬. ಸದರಿ ನಿಯಮವನ್ನು, ತಪ್ಪುತಪ್ಪಾಗಿ ಬರೆಯುವ ನೆರೆಹೊರೆಯವರ ಬಾಯಿ ಮುಚ್ಚಿಸಲು, ನಾನೇ ಹಟ ಹಿಡಿದು ಮಾಡಿಸಿದ್ದು ಹೌದು. ಆದ್ದರಿಂದ ಈಗ, ಈವರೆಗೆ ಯಾರಿಗೂ ಹೇಳದ, ಸಾಯುವವರೆಗೂ ಹೇಳಬಾರದೆಂದಿದ್ದ ಒಂದು ಸಂಗತಿಯನ್ನು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.

ನನ್ನ ನಲವತ್ತಮೂರನೆಯ ಪತ್ರದಲ್ಲಿ, ಅಂದರೆ ತಮ್ಮ ನೋಟಿಸಿಗೆ ಆಧಾರವಾದ ಪತ್ರದಲ್ಲಿ, ಎರಡನೆಯ ಪ್ಯಾರಾದ ನಾಲ್ಕನೆಯ ಸಾಲಿನಲ್ಲಿ, ಒಂದು ಆವರಣ ಚಿಹ್ನೆ, ಅಂದರೆ ಬ್ರಾಕೆಟ್ಟು, ತೆರೆದಿದೆ. ಅದನ್ನು ಎಲ್ಲಿಯೂ ಮುಚ್ಚಿಲ್ಲ.

ಅಂಚೆಗೆ ಹಾಕಿ ಬಂದು ನಕಲು ನೋಡುವಾಗಲೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಮೂರು ದಿನ ಊಟ ಸೇರಲಿಲ್ಲ. ಅಂಚೆ ಪೆಟ್ಟಿಗೆಯ ಬಳಿ ಹೋಗಿ, ಕೈ ಒಳಗೆ ಹೋಗುತ್ತದೆಯೇ ಎಂದು ನೋಡಿದೆ; ಹೋಗಲಿಲ್ಲ. ಆ ಸಾಲಿನಿಂದ ಮುಂದೆ ಬರೆದದ್ದೆಲ್ಲವೂ, ನನ್ನ ಬೇಡಿಕೆ ಮತ್ತು ಸಹಿ ಸಮೇತ, ಆವರಣದ ಒಳಗೇ ಸಿಕ್ಕಿಕೊಂಡಿದೆ. ನಿಯಮದ ಪ್ರಕಾರ ನಾನು ಇನ್ನೂ ಸಹಿಯನ್ನೇ ಹಾಕಿಲ್ಲ.

೭. ಊರಿನವರು ಈ ಸುದ್ದಿ ಕೇಳಿ ನಗುತ್ತಾರೆ. ನಗಲಿ. ಮಿಸ್ ಹೆಬ್ಡಿಚ್ ಅವರು ಹೇಗೂ ಶುರು ಮಾಡಿದ್ದಾರೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ನನ್ನ ದೂರನ್ನು ದೋಷಪೂರಿತವೆಂದು ವಜಾ ಮಾಡಿ, ಶುಕ್ರವಾರದೊಳಗೆ ನೋಟಿಸು ರದ್ದುಪಡಿಸಿ, ಹದಿನಾಲ್ಕೂ ಹಲಗೆಗಳನ್ನು ಎಲೆ ಸಮೇತ ಉಳಿಸಿಕೊಡಬೇಕೆಂದು ಕೋರುತ್ತೇನೆ. ತಮ್ಮ ನೋಟಿಸಿನಲ್ಲಿಯೂ ಎರಡು ಕೊಂಡಿಗಳು ಸಲ್ಲದ ಜಾಗದಲ್ಲಿ ಕೂತಿವೆ. ಅದರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಹೇಳದಿರುವುದು ಎಷ್ಟು ಕಷ್ಟವೆಂದು ತಾವು ಊಹಿಸಲಾರಿರಿ.

ತಮ್ಮ ವಿಶ್ವಾಸಿ, ಈವರೆಗೆ ತಮ್ಮ ತಲೆನೋವು,
ಸಿರಿಲ್ ಪೆಂಟ್ಲೋ
(ಸಹಿಯು ಆವರಣದ ಹೊರಗಿದೆ)

ಲಗತ್ತುಗಳು:

೧) ನಲವತ್ತಮೂರನೆಯ ಪತ್ರದ ನಕಲು. ತಪ್ಪಿನ ಜಾಗವನ್ನು ನಾನೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.

೨) ಬಟಾಣಿ ಹಲಗೆಯ ಫೋಟೊ, ಕಳೆದ ಗುರುವಾರ ತೆಗೆದದ್ದು. ಅದರಲ್ಲಿ ಕಾಣುವ ಕೊಂಡಿಯನ್ನು ಶ್ರೀಮತಿ ಪಾಸ್ಮೋರ್ ಅವರ ಅಪ್ಪಣೆಯಂತೆ ಅರ್ಜಿದಾರನೇ ಸ್ವಹಸ್ತದಿಂದ ಹಾಕಿದ್ದು, ಹಾಕುವ ಮೊದಲು ಎರಡು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿರುತ್ತಾನೆ. “ಸ್ವಲ್ಪ ವಾಲಿದೆ. ಇರಲಿ ಬಿಡಿ, ಅವರದ್ದೂ ವಾಲಿತ್ತು,” ಎಂದು ಅವರು ಷರಾ ಹೇಳಿರುತ್ತಾರೆ. ಈ ಬಗ್ಗೆ ಕ್ರಮವೇನಾದರೂ ಇದ್ದಲ್ಲಿ ನನ್ನ ಮೇಲೆ ಜರುಗಿಸತಕ್ಕದ್ದು.

೩) ಟೊಮೇಟೊ, ಒಂದು. ಈ ಶನಿವಾರದ ಚೀಲದಲ್ಲಿ ಬಂದದ್ದು. ಎಲ್ಲ ಕಡೆಯಿಂದಲೂ ಒತ್ತಿ ನೋಡಬಹುದು, ಎಲ್ಲಿಯೂ ಕೊಳೆತಿಲ್ಲ. ಪರಿಶೀಲನೆಯ ನಂತರ ದಯವಿಟ್ಟು ಹಿಂದಿರುಗಿಸುವುದು.